ನಲ್ಲಿ ತಿರುಗಿಸುವ ಕೈ

ಫೆಬ್ರವರಿ 6, ಗುರುವಾರ

ಇವತ್ತು ನಮ್ಮ ಆಸ್ಪತ್ರೆಗೆ ಹೊಸ ಮಾದರಿಯ ಕ್ಯಾಥೆಟರ್‌ಗಳು ಬಂದವು. ಕಂಪನಿಯ ರೇಣುಕಾಪ್ರಸಾದ್ ಎನ್ನುವಾತ ನರ್ಸುಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ಪಾತ್ರೆ ಅಂಗಡಿಯವನು ಕುಕ್ಕರ್ ತೋರಿಸುವ ಹಾಗೆ ತೋರಿಸಿದ. ಮೂತ್ರ ಹೋಗುವ ಟ್ಯೂಬು ಹಳೆಯದರ ಹಾಗೆಯೇ ಇದೆ, ಆದರೆ ಅದಕ್ಕೆ ಜೋತುಬಿದ್ದ ಚೀಲ ಇಲ್ಲ. ತುದಿಯಲ್ಲಿ ಹೆಬ್ಬೆರಳಿನಷ್ಟು ಒಂದು ನಲ್ಲಿ. ಮೂತ್ರ ಮೂತ್ರಕೋಶದಲ್ಲೇ ತುಂಬಿಕೊಳ್ಳುತ್ತದೆ, ಮೂರು ಗಂಟೆಗೊಮ್ಮೆ ನಲ್ಲಿ ತಿರುಗಿಸಿ ಬಿಟ್ಟುಕೊಂಡರೆ ಆಯಿತು. ರಾತ್ರಿ ಮಲಗುವಾಗ ಮಾತ್ರ ಚೀಲ ಸಿಕ್ಕಿಸಬೇಕು. ಬಟ್ಟೆಯೊಳಗೆ ತಾನಾಗಿ ತೆರೆದುಕೊಳ್ಳಬಾರದೆಂದು, ನಲ್ಲಿಯ ಕುತ್ತಿಗೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತಿರುಗಿಸುವಂತೆ ಮಾಡಿದ್ದಾರೆ. ಕೆಲವು ದಿನ ಬಳಸಿ, ಹೇಗಿದೆಯೆಂದು ನಾವು ಹೇಳಬೇಕಂತೆ.

ನಾನಂತೂ ಬಳಸುವ ಮೊದಲೇ ಹೊಗಳಿಬಿಟ್ಟೆ. ಚೀಲದ ಸಹವಾಸ ನನಗೆ ಸಾಕಾಗಿದೆ. ಅದನ್ನು ಸೊಂಟಕ್ಕಿಂತ ಕೆಳಗಿಡಿ ಎಂದು ಗಂಟಲು ಹರಿದುಕೊಂಡರೂ, ಹೊಟ್ಟೆಯ ಮೇಲೆ ಇಟ್ಟುಕೊಂಡು ಟೀ ಕುಡಿಯಲು ಹೊರಡುವ ಪೇಷಂಟುಗಳು. ಟ್ಯೂಬಿನ ಮೇಲೆ ಸ್ಟೂಲು ಹಾಕಿಕೊಂಡು ಕೂರುವ ಬೀಗರು. ಮೇಟ್ರನ್ ಧನಲಕ್ಷ್ಮಿ ಮೇಡಂ ಮಾತ್ರ, “ಗಂಗಾಶ್ರೀ, ಸ್ವಲ್ಪ ತಡಿ, ಹೊಸ್ತಕ್ಕೆ ಹೊಸ ರೋಗ ಇರ್ತತಿ” ಅಂದರು. ಅವರು ಹಾಗೆಯೇ, ಹೊಸ ಪೊರಕೆ ತಂದರೂ ಮೊದಲು ಅನುಮಾನಪಡುವವರು.

ನನ್ನ ತಲೆಯಲ್ಲಿದ್ದದ್ದು ಮಾವ. ದೀಪಾವಳಿಯಿಂದ ಅವರಿಗೆ ಟ್ಯೂಬು. ಪ್ರೊಸ್ಟೇಟ್ ಊದಿದೆ, ಹೃದಯ ಸರಿಯಿಲ್ಲದ್ದರಿಂದ ಆಪರೇಷನ್ ಆಗುವುದಿಲ್ಲ. ಅಂದಿನಿಂದ ಅವರು ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಂಡಿಲ್ಲ. ಎದೆಯ ಮೇಲೆ ಲಿಂಗದ ಕರಡಿಗೆ ಇದೆ, ಅಷ್ಟೇ. “ಉಚ್ಚೆ ಚೀಲ ಕಟ್ಕಂಡು ಲಿಂಗ ಹಿಡಿಯಾದಾ?” ಅನ್ನುತ್ತಾರೆ. ಮಠದ ಅಯ್ಯನವರೇ ಸೊರಬಕ್ಕೆ, ನಮ್ಮ ಮನೆಗೆ ಬಂದು, ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲ ಎಂದು ಹೇಳಿ ಹೋದರು. ಮಾವ ಕೈ ಮುಗಿದು ಕೇಳಿದರು, ಮಾಡಲಿಲ್ಲ. ಪೂಜೆಯಾಗದೆ ಊಟ ಸೇರುವುದಿಲ್ಲ. ಮಂಚದ ಮೇಲೆ ದಿನದಿನಕ್ಕೆ ಸಣ್ಣಗಾಗುತ್ತಿದ್ದಾರೆ.

ಇನ್ನೊಂದು ಸುದ್ದಿ. ಮಾರ್ಚ್ ಒಂದರಿಂದ ಪುರುಷರ ವಾರ್ಡಿಗೆ ನಾನೇ ಇನ್‌ಚಾರ್ಜ್. ನೈಟ್ ಡ್ಯೂಟಿ ಇಲ್ಲ. ಈ ಕುರ್ಚಿಗಾಗಿ ಎಷ್ಟು ವರ್ಷ ಕಾದಿದ್ದೇನೆ ಎಂದು ನನಗೇ ಗೊತ್ತು.

ಫೆಬ್ರವರಿ 10, ಸೋಮವಾರ

ಮಾವನನ್ನು ಶಿಕಾರಿಪುರದ ನಮ್ಮ ಆಸ್ಪತ್ರೆಗೆ ಕರೆದೊಯ್ದು ಹೊಸ ಟ್ಯೂಬು ಹಾಕಿಸಿದೆ. ಹಾಕಿದ್ದು ನಮ್ಮ ಮೇಲ್ ನರ್ಸ್ ದೇವರಾಜ. ದಿನಾ ಹತ್ತು ಗಂಡಸರಿಗೆ ಟ್ಯೂಬು ಹಾಕುವ ನಾನು ಪರದೆಯ ಹೊರಗೆ ನಿಂತಿದ್ದೆ. ಮಾವ ಮಾವನೇ.

ದೇವರಾಜ ನಲ್ಲಿ ತಿರುಗಿಸುವುದನ್ನು ತೋರಿಸಿಕೊಟ್ಟ. “ತಿಳೀತಾ ಅಜ್ಜಾರೆ?” ಅಂದ. ಮಾವ ತಲೆಯಾಡಿಸಿದರು. ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಎರಡೂ ಪಕ್ಕ ನೋಡಿಕೊಂಡರು. ಏನೂ ನೇತಾಡುತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಶಿರಾಳಕೊಪ್ಪದ ತನಕ ಹೊರಗೆ ನೋಡುತ್ತ ಬಂದರು.

ಫೆಬ್ರವರಿ 11, ಮಂಗಳವಾರ

ಮಾವ ಪೂಜೆಗೆ ಕುಳಿತರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕುಳಿತವರು ಬಹಳ ಹೊತ್ತು ಏಳಲೇ ಇಲ್ಲ. ಆಮೇಲೆ ಮೂರು ರೊಟ್ಟಿ ತಿಂದರು. ಅತ್ತೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಬಸ್ಸು ತಪ್ಪಿತು, ತಪ್ಪಲಿ.

ಫೆಬ್ರವರಿ 14, ಶುಕ್ರವಾರ

ಡ್ಯೂಟಿ ಮುಗಿಸಿ ಬಂದರೆ ಮಾವ ಕಂಬಳಿಯೊಳಗೆ ಗಡಗಡ ನಡುಗುತ್ತಿದ್ದಾರೆ. ಪಂಚೆ ಒದ್ದೆ. ಟ್ಯೂಬಿನ ಪಕ್ಕದಿಂದಲೇ ಮೂತ್ರ ಸೋರಿದೆ, ಹೊಟ್ಟೆ ಕಲ್ಲಿನ ಹಾಗೆ. ಬೆಳಗಿನಿಂದ ನಲ್ಲಿ ಬಿಟ್ಟೇ ಇಲ್ಲ.

“ಯಾಕೆ ಮಾವ?” ಅಂದೆ. “ತಿರುಗಿಸೋಕೆ ಬರಲ್ಲವಾ?”

“ಬರ್ತತಿ. ಮೂರು ದಿನ ತೊಡಿಗೆ ಒತ್ತಿ ಹೆಂಗೋ ಚೂರುಚೂರು ಬಿಟ್ಕಂಡೆ, ಇವತ್ತು ಬಲಗೈಯಾಗೆ ಎಷ್ಟು ತಿರುಗಿಸಿದ್ರೂ ಜಾರ್ತತಿ.”

“ಎಡಗೈಯಲ್ಲಿ ಒತ್ತಿ ಹಿಡ್ಕೋಬೇಕು. ದೇವರಾಜ ತೋರಿಸಿದ್ನಲ್ಲ.”

ಅವರು ಎಡಗೈಯನ್ನು ಕಂಬಳಿಯೊಳಗೆ ಎಳೆದುಕೊಂಡರು. “ಅದು ಲಿಂಗ ಕೂರೋ ಪೀಠ ಕಣವ್ವ. ದೀಕ್ಷೆ ಆದಾಗ್ಲಿಂದ ಆ ಕೈಯಾಗೆ ಚಪ್ಪಲಿ ಸೈತ ಮುಟ್ಟಿಲ್ಲ. ಬಲಗೈ ತೊಳ್ಕಂಡ್ರೆ ಆತು. ಪೀಠ ತೊಳ್ಕಂಡ್ರೆ ಹೋಗಾದಿಲ್ಲ.”

ಹೀಗೆ ಅಂತ ಯಾರೂ ಎಲ್ಲೂ ಹೇಳಿಲ್ಲ, ಇದು ಅವರೇ ಹಾಕಿಕೊಂಡ ನೇಮ. ಆದರೆ ಜ್ವರದಲ್ಲಿ ನಡುಗುವವರ ಹತ್ತಿರ ವಾದ ಮಾಡುವುದು ಹೇಗೆ? ಮೇಲೆ ಟವೆಲ್ ಹೊದಿಸಿ, ನಲ್ಲಿಯಷ್ಟನ್ನೇ ಹೊರಗೆ ತೆಗೆದು, ನಾನೇ ತಿರುಗಿಸಿದೆ. ಮಾವ ಗೋಡೆ ಕಡೆ ಮುಖ ಮಾಡಿಕೊಂಡರು. ನಾನು ಮಗ್ಗನ್ನೇ ನೋಡುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಇವರ ಎದುರು ಕುರ್ಚಿಯ ಮೇಲೆ ಕೂತವಳಲ್ಲ ನಾನು.

ಫೆಬ್ರವರಿ 15, ಶನಿವಾರ

ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನೊಂದು ಸಲ ಹೀಗೆ ಕಟ್ಟಿಕೊಂಡರೆ ಕಿಡ್ನಿಗೆ ಏಟು ಬೀಳುತ್ತದೆ, ಹುಡುಗಾಟ ಅಲ್ಲ ಎಂದರು. ಹಾಗಾದರೆ ನಾನು ಡ್ಯೂಟಿಗೆ ಹೋದಾಗ ನಲ್ಲಿ ಬಿಡುವವರು ಯಾರು? ಅತ್ತೆಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿವೆ. ಮಗಳು ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿದ್ದಾಳೆ.

ಉಳಿದವರು ನಮ್ಮ ಯಜಮಾನರು, ಚನ್ನೇಶ್. ಸೊರಬ ಬಸ್ ಸ್ಟ್ಯಾಂಡಿನ ಎದುರು ಹಾರ್ಡ್‌ವೇರ್ ಅಂಗಡಿ. ಪೈಪು, ವಾಲ್ವು, ನಲ್ಲಿ, ಇಡೀ ತಾಲ್ಲೂಕಿಗೆ ಇವರೇ ಮಾರುವುದು. ಅಪ್ಪನ ನಲ್ಲಿ ಮುಟ್ಟುತ್ತಲೇ ಕಣ್ಣು ಮುಚ್ಚಿ, ಮುಖ ಕಿವುಚಿ, ವಾಕರಿಸುತ್ತ ಹಿತ್ತಿಲಿಗೆ ಓಡಿದರು. “ನೀನು ನರ್ಸು ಕಣೆ, ನಿನಗೆ ಅಭ್ಯಾಸ ಐತೆ” ಅಂದರು. ನರ್ಸು ಹುಟ್ಟುವಾಗಲೇ ಮೂಗು ಇಲ್ಲದೆ ಹುಟ್ಟಿರುತ್ತಾಳೆ ಎಂದುಕೊಂಡಿದ್ದಾರೆ.

ಒಂದು ವಾರ ರಜೆ ಹಾಕಿದೆ.

ಫೆಬ್ರವರಿ 18, ಮಂಗಳವಾರ

ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಏಳಕ್ಕೆ, ಹತ್ತಕ್ಕೆ, ಒಂದಕ್ಕೆ, ಹೀಗೆ ಮಲಗುವ ತನಕ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ. ಟ್ಯೂಬನ್ನು ತೊಡೆಗೆ ಬಿಗಿಯುವ ಪಟ್ಟಿಯನ್ನು ಕೆಳಗಿಳಿಸಿ, ನಲ್ಲಿ ಮೊಣಕಾಲಿನ ಹತ್ತಿರ ಬರುವ ಹಾಗೆ ಕಟ್ಟಿದ್ದೇನೆ. ಮಾವ ಕುಳಿತು, ಟವೆಲ್ ಮುಚ್ಚಿಕೊಂಡು, ಕೆಮ್ಮುತ್ತಾರೆ. ಕೆಮ್ಮು ಕೇಳಿದ ಮೇಲೆ ನಾನು ಒಳಗೆ ಹೋಗಬೇಕು. ರಾತ್ರಿಯ ಚೀಲವನ್ನೂ ನಾನೇ ಸಿಕ್ಕಿಸಿ ಪೂಜೆಗೆ ಮೊದಲು ತೆಗೆಯುತ್ತೇನೆ, ಹಗಲಿಗೂ ಇರಲಿ ಅಂದರೆ ಚೀಲ ಹೊತ್ತು ತಿರುಗುವ ದಿನ ಲಿಂಗ ಮುಟ್ಟುವುದಿಲ್ಲವಂತೆ.

ನಲ್ಲಿ ಬಿಡುವುದಕ್ಕೆ ಹೊತ್ತೇನೂ ಹಿಡಿಯುವುದಿಲ್ಲ. ಆದರೆ ಎರಡು ಕೆಮ್ಮುಗಳ ನಡುವೆ ಎಲ್ಲಿಗೂ ಹೋಗಲಾಗುವುದಿಲ್ಲ. ಪೇಟೆಗೆ ಹೋಗಲೇ ಅಂದರೆ ಬರುವುದು ತಡವಾದರೆ? ತವರಿಗೆ ಹೋಗಲೇ ಅಂದರೆ ಮಾತೇ ಬೇಡ. ಮಾವನ ಸೊಂಟದ ಚೀಲ ಹೋಯಿತು, ಆ ಚೀಲದ ಜಾಗಕ್ಕೆ ನಾನು ಬಂದೆ. ಈ ಮಾತನ್ನು ಯಾರ ಹತ್ತಿರ ಹೇಳಲಿ? ಇಲ್ಲಿ ಬರೆದರೆ ಮನಸ್ಸಿನ ಉರಿ ಸ್ವಲ್ಪ ಇಳಿಯುತ್ತದೆ.

ಫೆಬ್ರವರಿ 21, ಶುಕ್ರವಾರ

ರೇಣುಕಾಪ್ರಸಾದ್ ಫೋನ್ ಮಾಡಿದ್ದ. “ಹೊಸ ಡಿಸೈನ್ ಬಗ್ಗೆ ನಿಮ್ಮ ಅನುಭವ ಹೇಳಿ ಸಿಸ್ಟರ್.”

“ತಿರುಗಿಸೋಕೆ ಎರಡು ಕೈ ಬೇಕಲ್ಲ ಸರ್, ಅದೇ ಕಷ್ಟ.”

“ಎರಡು ಕೈ ಎಲ್ಲರಿಗೂ ಇರ್ತಾವಲ್ಲ ಸಿಸ್ಟರ್.”

“ಲಕ್ವ ಹೊಡೆದವರಿಗೆ ಇರಲ್ಲ. ನಮ್ಮ ಮಾವಂಗೂ ಇಲ್ಲ.”

“ಓ, ಅವರಿಗೂ ಲಕ್ವಾನಾ?”

ಇವನಿಗೆ ಲಿಂಗದ ಪೀಠ, ದೀಕ್ಷೆ, ಚಪ್ಪಲಿ ಎಲ್ಲ ಎಲ್ಲಿಂದ ಶುರುಮಾಡಿ ಹೇಳಲಿ? ಹೌದು ಅಂದುಬಿಟ್ಟೆ. ಪಾಪ, ಬೇಜಾರು ಮಾಡಿಕೊಂಡ. ಒಂದೇ ಕೈಯಲ್ಲಿ ಒತ್ತುವಂಥದ್ದು ಮಾಡಲು ಸಾಧ್ಯವೇ ಎಂದು ಮೇಲಿನವರಿಗೆ ತಿಳಿಸುತ್ತೇನೆ ಎಂದ.

ರಜೆ ಇನ್ನೊಂದು ವಾರ ಮುಂದಕ್ಕೆ ಹೋಯಿತು. ಮಾವ ಇವತ್ತು ನಲ್ಲಿ ಬಿಡುವಾಗ ಮೊದಲ ಸಲ ಮಾತಾಡಿದರು. ಗೋಡೆ ನೋಡುತ್ತಲೇ, “ನಿಮ್ಮ ಆಸ್ಪತ್ರೆಯಾಗೆ ದಿನಾ ಇದೇ ಕೆಲಸನಾ ನಿಂದು?” ಅಂದರು. ಹೂಂ ಅಂದೆ. “ನಾನು ಬರೀ ಸೂಜಿ ಚುಚ್ಚಾದು ಅನ್ಕಂಡಿದ್ದೆ” ಅಂದರು.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಮಾವನ ಪೂಜೆ ಚೆನ್ನಾಗಿ ಆಯಿತು. ಬೆಳಿಗ್ಗೆ ನೀರು ಕುಡಿಯದೆ ಕೂರುವಂತಿಲ್ಲ ಎಂದು ನಾನು ಮೊದಲೇ ಎರಡು ಲೋಟ ಕುಡಿಸಿದ್ದೆ. ಪೂಜೆಗೆ ಮುಂಚೆ ನೀರಾ ಎಂದು ಅತ್ತೆ ಮುಖ ನೋಡಿದರು. “ಮೂತ್ರ ಗಟ್ಟಿಯಾದರೆ ಟ್ಯೂಬು ಕಟ್ಟಿಕೊಳ್ಳುತ್ತೆ, ಆಮೇಲೆ ನನ್ನ ಕೇಳಬೇಡಿ” ಅಂದೆ. ಮಾವ ತೆಪ್ಪಗೆ ಕುಡಿದರು. ಈಗ ನನ್ನ ಮಾತು ಕೇಳುತ್ತಾರೆ.

ಇವತ್ತು ಅವರ ಹಳೆಯ ಗೆಳೆಯ ಕೆಂಪಪ್ಪ ಬಂದಿದ್ದ. “ಮಹೇಶಣ್ಣ, ಚೀಲ ಹೋತಲ್ಲ, ನಡಿ, ಶಿರಾಳಕೊಪ್ಪಕ್ಕೆ ಹೋಗಿ ಮೆಣಸಿನಕಾಯಿ ಮಂಡಕ್ಕಿ ತಿಂದು ಬರಾಣ” ಅಂದ. ಮಾವ ಪಂಚೆ ಬದಲಿಸಲು ಎದ್ದೇಬಿಟ್ಟರು. ನಾನು ಒಪ್ಪಲಿಲ್ಲ. ಹೋಗಿ ಬರುವಷ್ಟರಲ್ಲಿ ನಲ್ಲಿ ಬಿಡುವ ಹೊತ್ತು ಮೀರುತ್ತದೆ, ಅಲ್ಲಿ ಯಾರು ಬಿಡುತ್ತಾರೆ? ಕೆಂಪಪ್ಪನಾ? ಕರಿದ ಮೆಣಸಿನಕಾಯಿ ಬೇರೆ. ಮಾವ ಗೇಟಿನ ತನಕ ಹೋಗಿ ಅವನನ್ನು ಕಳಿಸಿ, ಅಲ್ಲೇ ಬಹಳ ಹೊತ್ತು ನಿಂತಿದ್ದರು. ಬಿಸಿಲು, ಒಳಗೆ ಬನ್ನಿ ಎಂದು ಕರೆದೆ.

ಮಾರ್ಚ್ 1, ಶನಿವಾರ

ನಾನು ಇವತ್ತು ವಾರ್ಡಿನಲ್ಲಿ ಇರಬೇಕಾಗಿತ್ತು. ಧನಲಕ್ಷ್ಮಿ ಮೇಡಂ ಫೋನ್ ಮಾಡಿದರು. “ಹತ್ತನೇ ತಾರೀಕು ಸೋಮವಾರದ ತನಕ ಹೆಂಗೋ ತಡೀತೀನಿ. ಅವತ್ತೂ ಬರಲಿಲ್ಲ ಅಂದ್ರೆ ವಸಂತಳಿಗೆ ಕೊಡ್ತಾರೆ. ಆಮೇಲೆ ನನ್ನ ಹತ್ರ ಅಳ್ಬೇಡ.” ವಸಂತ ನನಗಿಂತ ಐದು ವರ್ಷ ಚಿಕ್ಕವಳು.

ದಾರಿ ಇದೆ. ಬೀರುವಿನಲ್ಲಿ ಹಳೆಯ ಮಾದರಿಯ ಟ್ಯೂಬೂ ಚೀಲವೂ ಇವೆ. ದೇವರಾಜನನ್ನು ಕರೆಸಿ ಬದಲಿಸಿದರೆ ನಾನು ನಾಡಿದ್ದು ಸೋಮವಾರವೇ ಹೋಗಬಹುದು. ಪ್ಯಾಕೆಟ್ಟನ್ನು ಹೊರಗೂ ತೆಗೆದೆ. ಮಾವ ನೋಡಿದರು. ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕುಳಿತರು. ಪ್ಯಾಕೆಟ್ಟನ್ನು ವಾಪಸ್ ಇಟ್ಟೆ.

ಇಟ್ಟಮೇಲೆ ಸಿಟ್ಟು ಬಂತು. ಮಾವನ ಮೇಲೆ, ಗಂಡನ ಮೇಲೆ, ಆ ಲಿಂಗದ ಮೇಲೂ. ಒಬ್ಬ ಮನುಷ್ಯನ ಎಡಗೈಯ ಮಡಿಗೆ ನನ್ನ ಎರಡೂ ಕೈ ಹೋದವು. ದೇವರು ಇದನ್ನು ಓದುವುದಾದರೆ ಓದಲಿ, ಬರೆದದ್ದನ್ನು ನಾನು ಹೊಡೆದುಹಾಕುವುದಿಲ್ಲ.

ಮಾರ್ಚ್ 4, ಮಂಗಳವಾರ

ಮೂತ್ರದ ಬಣ್ಣ ತಿಳಿಯಾಗಿದೆ. ವಾಸನೆ ಇಲ್ಲ. ಬೆಳಿಗ್ಗೆ ನೀರು ಸರಿಯಾಗಿ ಕುಡಿದಿದ್ದಾರೆ. ಮಧ್ಯಾಹ್ನ ಸ್ವಲ್ಪ ಕಡಿಮೆ ಬಂತು, ಮಜ್ಜಿಗೆ ಕೊಟ್ಟೆ, ಸಂಜೆಗೆ ಸರಿಹೋಯಿತು.

ಮಾವ ನಕ್ಕರು ಇವತ್ತು. ನಲ್ಲಿ ಬಿಡುವಾಗ ನಾನು ಮೂಗಿನಲ್ಲಿ ಏನೋ ಹಾಡು ಗುನುಗುತ್ತೇನಂತೆ.

ಮಾರ್ಚ್ 6, ಗುರುವಾರ

ನಮ್ಮ ಯಜಮಾನರಿಗೆ ಈಗ ಜ್ಞಾನೋದಯವಾಗಿದೆ. ಅತ್ತೆ ಬೈದಿರಬೇಕು. ಅಂಗಡಿಯಿಂದ ಬೇಗ ಬಂದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, “ಕೊಡೆ ಇಲ್ಲಿ, ನಾನು ಕಲಿತೀನಿ. ನೀನು ಸೋಮವಾರ ಡ್ಯೂಟಿಗೆ ಹೋಗು” ಅಂದರು.

ಕಲಿಸೋಣ ಅಂತಲೇ ಇದ್ದೆ. ಆದರೆ ಇವರು ಹಿಡಿಯುವ ರೀತಿಯೇ ಸರಿಯಿಲ್ಲ. ಕಬ್ಬಿಣದ ವಾಲ್ವ್ ಹಿಡಿದ ಹಾಗೆ ಹಿಡಿಯುತ್ತಾರೆ. ಕೈ ತೊಳೆದರು, ಆದರೆ ಉಗುರಿನಲ್ಲಿ ಗ್ರೀಸು. ತಿರುಗಿಸುವಾಗ ಟ್ಯೂಬು ಚೂರು ಎಳೆದ ಹಾಗಾಯಿತು. “ಬಿಡ್ರೀ” ಅಂದೆ. “ಬಂತು ಕಣೆ, ಬರ್ತಾ ಐತೆ ನೋಡು” ಅಂದರು. ನಿಜ, ಬರುತ್ತಿತ್ತು. ಆದರೂ ಅವರ ಕೈ ತಳ್ಳಿ ನಾನೇ ಹಿಡಿದುಕೊಂಡೆ.

“ನೋವಾಯ್ತಾ ಮಾವ?” ಅಂತ ಕೇಳಿದೆ.

“ಇಲ್ಲ” ಅಂದರು ಮಾವ. ಗೋಡೆ ಬಿಟ್ಟು ನನ್ನ ಮುಖವನ್ನೇ ನೋಡಿದರು. ನೋವಾಗಿದ್ದರೂ ಮಗನ ಮುಂದೆ ಹೇಳುವವರಲ್ಲ.

ದೇವರಾಜನ ಪರಿಚಯದ ಹುಡುಗನೊಬ್ಬ ದಿನಾ ಮನೆಗೆ ಬಂದು ಹೋಗಲು ಸಿದ್ಧನಿದ್ದಾನೆ ಎಂದು ಇವರು ಹೇಳಿದರು. ಗುರುತಿಲ್ಲದವನ ಕೈಗೆ ಇದನ್ನು ಕೊಡಲಾಗುತ್ತದೆಯೇ? ಒಂದು ದಿನ ಬಂದು ಒಂದು ದಿನ ಬಾರದಿದ್ದರೆ? ಬೇಡ ಎಂದೆ. ನನ್ನ ಹಣೆಬರಹ, ನಾನೇ ಮಾಡಬೇಕು. ಈ ಮನೆಯಲ್ಲಿ ನನ್ನ ಕಷ್ಟ ಯಾರಿಗೂ ಅರ್ಥವಾಗುವುದಿಲ್ಲ.

ಮಾರ್ಚ್ 9, ಭಾನುವಾರ

ಇವತ್ತು ಅಕ್ಷರ ಸರಿಯಾಗಿ ಬರುತ್ತಿಲ್ಲ.

ಬೆಳಿಗ್ಗೆ ನಲ್ಲಿ ಬಿಟ್ಟು, ಮಾವ ಪೂಜೆ ಮಾಡಿ, ತಿಂಡಿ ತಿಂದದ್ದನ್ನು ನೋಡಿ, ನಾನು ಮಾಳಿಗೆಗೆ ಬಟ್ಟೆ ಒಣಹಾಕಲು ಹೋದೆ. ಇಳಿದು ಬಂದರೆ ಮಾವ ಇಲ್ಲ. ಬಚ್ಚಲು, ಹಿತ್ತಿಲು, ಪಕ್ಕದ ಮನೆ, ಎಲ್ಲೂ ಇಲ್ಲ. ಚಪ್ಪಲಿ ಇಲ್ಲ. ಅತ್ತೆ, “ಇಲ್ಲೇ ಎಲ್ಲೋ ಹೋಗ್ಯಾರೆ, ಬರ್ತಾರೆ” ಅಂದರು.

ಅಂಗಡಿಗೆ ಓಡಿದೆ. ಇವರು ಗಿರಾಕಿಗೆ ಪೈಪು ಅಳೆಯುತ್ತಿದ್ದರು. “ಕೆಂಪಪ್ಪನ ಜೊತೆ ಶಿರಾಳಕೊಪ್ಪದ ಬಸ್ಸು ಹತ್ತಿದ್ರು. ನಿನಗೆ ಹೇಳಿಲ್ವಾ?” ಅಂದರು. “ಹತ್ತಿದ್ದನ್ನು ನೋಡಿ ಸುಮ್ಮನಿದ್ರಾ?” ಅಂದೆ. ಗಿರಾಕಿ ಪೈಪು ಕೆಳಗಿಟ್ಟು ದೂರ ಸರಿದ. ಬಸ್ ಸ್ಟ್ಯಾಂಡಿನಲ್ಲಿ ನಿಂತೆ, ಶಿರಾಳಕೊಪ್ಪದಿಂದ ಬರುವ ಬಸ್ಸನ್ನೆಲ್ಲ ನೋಡಿದೆ. ಮಾವ ಫೋನ್ ಇಟ್ಟುಕೊಳ್ಳುವುದಿಲ್ಲ, ಕೆಂಪಪ್ಪನದು ಸ್ವಿಚ್ ಆಫ್. ನಲ್ಲಿ ಬಿಡುವ ಹೊತ್ತು ಆಯಿತು, ಮೀರಿತು. ಮನೆಗೆ ಬಂದು ಬಚ್ಚಲಿನ ಕುರ್ಚಿ ತೊಳೆದೆ. ಮತ್ತೆ ತೊಳೆದೆ. ಎಲ್ಲೋ ಹೋಟೆಲ್ ಬೆಂಚಿನ ಮೇಲೆ ಹೊಟ್ಟೆ ಕಲ್ಲಾಗಿ, ಚಳಿಜ್ವರದಲ್ಲಿ ಬಿದ್ದಿರುವ ಹಾಗೆಯೇ ಕಣ್ಣಿಗೆ ಕಟ್ಟುತ್ತಿತ್ತು. ಪ್ಯಾಕೆಟ್ಟು ತೆಗೆದ ದಿನವೇ ನಾನು ಚೀಲ ಹಾಕಿಸಬೇಕಾಗಿತ್ತು ಎಂದು ಅತ್ತೆ ಬೇರೆ ಅಂದರು.

ಬಿಸಿಲು ಇಳಿದ ಮೇಲೆ ಗೇಟಿನ ಸದ್ದಾಯಿತು. ಮಾವ, ಕೈಯಲ್ಲಿ ಎಣ್ಣೆ ಹತ್ತಿದ ಪೊಟ್ಟಣ.

“ಒಳಗೆ ಬನ್ನಿ, ಮೊದಲು ಬಚ್ಚಲಿಗೆ ಬನ್ನಿ” ಅಂತ ಕೈ ಹಿಡಿದುಕೊಂಡೆ.

“ಬಿಟ್ಟಾತು” ಅಂದರು.

“ಯಾರು ಬಿಟ್ರು?”

“ನಾನೇ. ಹೋಟ್ಲಾಗೆ ಒಂದ್ಸಲ, ಬರಾಗ ಬಸ್ ಸ್ಟ್ಯಾಂಡಿನಾಗೆ ಒಂದ್ಸಲ.”

“ಒಂದೇ ಕೈಯಲ್ಲಿ ಅದು ತಿರುಗಲ್ಲ ಮಾವ. ಸುಳ್ಳು ಹೇಳಬೇಡಿ.”

ಅವರು ಎಡಗೈ ಎತ್ತಿ ತೋರಿಸಿದರು. “ತೊಳ್ಕಂಡೆ.”

ನನಗೆ ಏನಾಯಿತೋ. ಜೀವನದಲ್ಲಿ ಮೊದಲ ಸಲ ಮಾವನ ಮೇಲೆ ಕೂಗಾಡಿದೆ. “ತೊಳ್ಕಂಡ್ರೆ ಹೋಗಲ್ಲ ಅಂದವರು ಯಾರು? ಇಷ್ಟು ದಿನ ತೊಳ್ಕೋಬಾರದಾಗಿತ್ತಾ? ನಾನು ಡ್ಯೂಟಿ ಬಿಟ್ಟೆ, ಇನ್‌ಚಾರ್ಜ್ ಬಿಟ್ಟೆ, ಮಗಳನ್ನು ನೋಡೋಕೂ ಹೋಗಲಿಲ್ಲ. ಇವತ್ತು ಮೆಣಸಿನಕಾಯಿಗೋಸ್ಕರ ತೊಳ್ಕಂಡ್ರಾ?” ಅತ್ತೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು.

ಮಾವ ಮೆಟ್ಟಿಲ ಮೇಲೆ ಕುಳಿತರು. ಕೋಪ ಮಾಡಿಕೊಳ್ಳಲಿಲ್ಲ. “ನಂದು ತಪ್ಪೇ ತಾಯಿ. ಮಾಡೋರು ಇದ್ರು, ಕೂತು ಮಾಡಿಸ್ಕಂಡೆ. ಆದ್ರೆ ಮೊನ್ನೆ ಚನ್ನೇಶನ ಕೈ ತಳ್ಳಿದೆ ನೋಡು, ಆಗ ನನಗೆ ಹೆದರಿಕೆ ಆತು. ಇವಳು ಇನ್ನು ಹೋಗಾದಿಲ್ಲ, ನನ್ನೂ ಹೋಗಾಕೆ ಬಿಡಾದಿಲ್ಲ ಅಂತ. ಹೋಟ್ಲಿನ ಕಕ್ಕಸಿನಾಗೆ ಕೈ ಹಾಕಾಕೆ ಎಷ್ಟು ಹೊತ್ತು ನಿಂತಿದ್ದೆ ಅಂತ ಕೆಂಪನ್ನ ಕೇಳು. ಕಣ್ಣಾಗೆ ನೀರು ಬಂತು. ಆಮೇಲೆ ತೊಳ್ಕಂಡೆ. ನಾಳೆ ನೀನು ಡ್ಯೂಟಿಗೆ ಹೋಗವ್ವ.”

ವಯಸ್ಸಾದವರಿಗೆ ಏನೇನೋ ಕಾಣಿಸುತ್ತದೆ. ನಾನೇನು ಇವರನ್ನು ಕಟ್ಟಿಹಾಕಿದ್ದೆನೇ? ಮಾಡಿದ್ದಕ್ಕೆ ಸಿಕ್ಕಿದ ಮಾತು ಇದು. ಮೆಣಸಿನಕಾಯಿ ನನಗಾಗಿಯೇ ತಂದಿದ್ದರಂತೆ. ಆರಿ ಮೆತ್ತಗಾಗಿತ್ತು. ತಿಂದೆ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಇಣುಕಿ ನೋಡಿದೆ. ಮಾವ ಪೂಜೆಗೆ ಕುಳಿತಿದ್ದರು. ಲಿಂಗ ಅದೇ ಅಂಗೈಯಲ್ಲಿತ್ತು. ನಾನು ಹೋಗುತ್ತೇನೆ ಎಂದು ಹೇಳಲಿಲ್ಲ, ಪೂಜೆಯ ನಡುವೆ ಮಾತಾಡಿಸಬಾರದು.

ಇನ್‌ಚಾರ್ಜ್ ಕುರ್ಚಿ ನನಗೇ ಸಿಕ್ಕಿತು. ಧನಲಕ್ಷ್ಮಿ ಮೇಡಂ ಬೀಗದ ಕೈ ಕೊಟ್ಟು, “ಅಂತೂ ಬಂದ್ಯಲ್ಲ” ಅಂದರು. ಹೊಸ ಟ್ಯೂಬಿನವರು ವಾರ್ಡಿನಲ್ಲಿ ಇಬ್ಬರಿದ್ದಾರೆ. ಇಬ್ಬರೂ ತಾವೇ ನಲ್ಲಿ ಬಿಟ್ಟುಕೊಳ್ಳುತ್ತಾರೆ, ಯಾವ ತೊಂದರೆಯೂ ಇಲ್ಲ. ರೇಣುಕಾಪ್ರಸಾದನಿಗೆ ಒಳ್ಳೆಯ ಮಾಲು ಎಂದೇ ಹೇಳಿದೆ. “ನಿಮ್ಮ ಮಾವ ಹೇಗಿದ್ದಾರೆ, ಕೈ ಬಂತಾ?” ಅಂದ. ಬಂತು ಅಂದೆ.

ಮನೆಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. ಮಾವ ಕೆಂಪಪ್ಪನ ಮನೆಗೆ ಹೋಗಿದ್ದಾರಂತೆ.

ಹತ್ತು ಗಂಟೆಗೆ ಕುರ್ಚಿಯಿಂದ ಎದ್ದು ನಿಂತೆ. “ಯಾಕೆ, ಎಲ್ಲಿಗೆ?” ಎಂದು ಧನಲಕ್ಷ್ಮಿ ಮೇಡಂ ಕೇಳಿದರು. ಎಲ್ಲಿಗೂ ಇಲ್ಲ ಅಂದೆ. ಎದ್ದದ್ದಕ್ಕೆ ಸಿಂಕಿನ ಹತ್ತಿರ ಹೋಗಿ ಎರಡೂ ಕೈ ತೊಳೆದುಕೊಂಡು ಬಂದು ಕುಳಿತೆ. ಒಂದು ಗಂಟೆಗೆ ಮತ್ತೆ ತೊಳೆದುಕೊಂಡೆ.